ಜೋಗದಿಂದ ಜೋಗ್ಜಾಕ್ಕೆ, ಅಲ್ಲಿಂದ ಪೆನಿಡಾ ದ್ವೀಪಕ್ಕೆ

ಅಡಿಕೆ ತೋಟಕ್ಕೆ ಎರಡನೇ ಸಲದ ಕೊಳೆ ಔಷಧಿ ಹೊಡೆಸಿ ಮುಗಿಸಿದ ನಾಲ್ಕನೇ ದಿನ ನಾವಿಬ್ಬರೂ ಮನೆ ಬಿಟ್ಟೆವು. ಆಗಸ್ಟ್ ತಿಂಗಳು. ಶರಾವತಿ ಹಿನ್ನೀರಿನ ನಮ್ಮ ತುಮರಿ ಕಡೆ ಆ ಮಳೆಯಲ್ಲಿ ಯಾರೂ ಊರು ಬಿಟ್ಟು ಸುತ್ತಲು ಹೋಗುವುದಿಲ್ಲ. "ಇಂಡೋನೇಷ್ಯಾದಲ್ಲಿ ಯಾರಿದ್ದಾರೆ?" ಅಂತ ಮೈದುನ ಕೇಳಿದ. ಯಾರೂ ಇಲ್ಲ ಅಂತಲೇ ಹೊರಟಿದ್ದು.

ನನಗೆ 53, ಇವರಿಗೆ 58. ಪುಣೆಯಲ್ಲಿರುವ ಮಗಳು ಪ್ಯಾಕೇಜ್ ಟೂರಿನಲ್ಲಿ ಹೋಗಿ ಅಂತ ಹಟ ಹಿಡಿದಿದ್ದಳು. ಹಿಂದೊಮ್ಮೆ ಹಾಗೆ ಉತ್ತರ ಭಾರತಕ್ಕೆ ಹೋಗಿ, ಬಸ್ಸಿನಲ್ಲಿ ಹನ್ನೊಂದು ದಿನ ಅಂತ್ಯಾಕ್ಷರಿ ಹಾಡಿ ಬಂದಿದ್ದೆವು. ಇನ್ನೊಂದು ಜನ್ಮಕ್ಕೆ ಅಷ್ಟು ಸಾಕು.

ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಒಂದು ಬಾಟಲಿ ಅಪ್ಪೆಮಿಡಿ ಇಟ್ಟುಕೊಂಡೆವು. ಇವರ ಕವಳದ, ಅಂದರೆ ಎಲೆಯಡಿಕೆಯ, ಸಂಚಿಯನ್ನು ಮಾತ್ರ ಮನೆಯಲ್ಲೇ ಬಿಡಿಸಿದೆ. ಯಾವುದೋ ಏರ್‌ಪೋರ್ಟಿನಲ್ಲಿ ಸುಣ್ಣದ ಡಬ್ಬಿ ತೆರೆಸಿ ಇದೇನು ಅಂತ ಕೇಳಿದರೆ ಉತ್ತರ ಹೇಳುವವರು ಯಾರು? ಮೂವತ್ತು ವರ್ಷದಿಂದ ಊಟವಾದ ಮೇಲೆ ಕವಳ ಹಾಕದ ದಿನ ಇವರಿಗಿಲ್ಲ. "ಹತ್ತು ದಿನ ತಾನೇ" ಅಂದರು. ಅಂದ ದನಿಯಲ್ಲೇ ಗೊತ್ತಾಯಿತು, ಈ ಹತ್ತು ದಿನ ನನಗೂ ಕಷ್ಟವಿದೆ ಅಂತ.

ಮೊದಲ ದಿನ: ಲಕ್ಷಾಧಿಪತಿಗಳು

ಬೆಂಗಳೂರು, ಕೌಲಾಲಂಪುರ, ಅಲ್ಲಿಂದ ಜಾವಾ ದ್ವೀಪದ ಯೋಗ್ಯಕರ್ತ. ಊರಿನವರು ಅದನ್ನು ಜೋಗ್ಜಾ ಅನ್ನುತ್ತಾರೆ. ಜೋಗದ ಪಕ್ಕದವರಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುತ್ತದೆಯೇ! ಇಳಿದ ತಕ್ಷಣ ವೀಸಾಕ್ಕೆ ತಲಾ 5 ಲಕ್ಷ ರುಪಿಯಾ ಕೊಟ್ಟೆವು. ಎದೆ ಹಾರಿತು. ಆಮೇಲೆ ಲೆಕ್ಕ ಹಾಕಿದರೆ ನಮ್ಮ ಒಂದು ರೂಪಾಯಿಗೆ ಅವರದು ಸುಮಾರು 190. ಅಂದರೆ ಎರಡೂವರೆ ಸಾವಿರ ಚಿಲ್ಲರೆ. ಮೊದಲ ಎರಡು ದಿನ ನೋಟಿನ ಸೊನ್ನೆ ಎಣಿಸುವುದರಲ್ಲೇ ಹೋಯಿತು. ಲಕ್ಷದ ನೋಟು ಕೆಂಪು, ಹತ್ತು ಸಾವಿರದ್ದು ನೇರಳೆ. ಬಣ್ಣ ನೋಡಿ ಕೊಡುವುದು ಕಲಿತರೆ ಸೊನ್ನೆಯ ಕಾಟವಿಲ್ಲ.

ಏರ್‌ಪೋರ್ಟ್ ಊರಿನಿಂದ ದೂರ, ಆದರೆ ರೈಲಿದೆ. ಮುಕ್ಕಾಲು ಗಂಟೆಯೊಳಗೆ ತೂಗು ಸ್ಟೇಷನ್ನಿಗೆ ತಂದು ಬಿಟ್ಟಿತು. ರೂಮಿಗೆ ಹೋಗಿ ಬ್ಯಾಗ್ ತೆರೆದರೆ ಅಪ್ಪೆಮಿಡಿ ಬಾಟಲಿಯ ಮುಚ್ಚಳ ಸಡಿಲಾಗಿ ಇವರ ನಾಲ್ಕು ಶರ್ಟಿಗೂ ಉಪ್ಪಿನಕಾಯಿ ರಸ. ತೊಳೆದೆ. ಕಲೆ ಹೋಯಿತು, ವಾಸನೆ ಹೋಗಲಿಲ್ಲ. ಮುಂದಿನ ಒಂಬತ್ತು ದಿನ ಇಂಡೋನೇಷ್ಯಾದಲ್ಲಿ ಇವರು ಎಲ್ಲೇ ಕಳೆದುಹೋದರೂ ನಾನು ಹುಡುಕಬಹುದಿತ್ತು.

ಸಂಜೆ ಮಾಲಿಯೊಬೊರೋ ರಸ್ತೆ. ರಸ್ತೆಯ ಹೆಸರಿನ ಫಲಕದಲ್ಲಿ ಇಂಗ್ಲಿಷ್ ಅಕ್ಷರದ ಜೊತೆ ಜಾವಾದ ಹಳೆಯ ಲಿಪಿಯೂ ಇರುತ್ತದೆ. ದುಂಡಗೆ, ಸುರುಳಿಯಾಗಿ, ಇನ್ನೇನು ಓದಿಬಿಡಬಹುದು ಅನ್ನಿಸುವಂತೆ. ಇವರು ಒಂದು ಫಲಕದ ಕೆಳಗೆ ಐದು ನಿಮಿಷ ನಿಂತು "ಇದು 'ನ' ಇದ್ದಂಗಿದೆ ನೋಡು" ಅಂದರು. ಆ ಲಿಪಿಯೂ ನಮ್ಮ ದಕ್ಷಿಣದ ಪಲ್ಲವರ ಅಕ್ಷರದಿಂದ ಕವಲೊಡೆದದ್ದೇ. ಆದರೂ ಒಂದಕ್ಷರವೂ ಓದಲಾಗಲಿಲ್ಲ.

ಸ್ಟೇಷನ್ನಿನ ಪಕ್ಕದಲ್ಲಿ ಸಾಲಾಗಿ ತಳ್ಳುಗಾಡಿಗಳು. ಫುಟ್‌ಪಾತಿನ ಮೇಲೇ ಚಾಪೆ ಹಾಸಿ ಕೂರಿಸುತ್ತಾರೆ. ಅಲ್ಲಿ 'ಕೋಪಿ ಜೋಸ್' ಅಂತ ಒಂದು ಕಾಫಿ ಸಿಗುತ್ತದೆ. ಕಾಫಿ ಲೋಟಕ್ಕೆ ಒಲೆಯಿಂದ ನಿಗಿನಿಗಿ ಕೆಂಡ ತೆಗೆದು ಹಾಕುತ್ತಾರೆ! ಜೋಸ್ ಅಂತ ಸದ್ದು ಬರುತ್ತದೆ, ಅದೇ ಹೆಸರು. ಹೊಟ್ಟೆಗೆ ಒಳ್ಳೆಯದು ಅಂತ ಗಾಡಿಯವನು ಹೊಟ್ಟೆ ಸವರಿ ತೋರಿಸಿದ. ಆಮೇಲೆ ನಮ್ಮಿಬ್ಬರನ್ನೂ ನೋಡಿ "ಸುವಾಮಿ? ಇಸ್ತ್ರಿ?" ಅಂದ. ಇವರು ಸ್ವಾಮಿ ಅನ್ನಿಸಿಕೊಂಡದ್ದಕ್ಕೆ ಖುಷಿಯಾದರು. ನನಗೆ ಮಾತ್ರ ಇವನಿಗೆ ಯಾಕೆ ಇಸ್ತ್ರಿ ಪೆಟ್ಟಿಗೆ ಬೇಕಾಯಿತು ಅನ್ನಿಸಿತು. ಮೊಬೈಲಿನಲ್ಲಿ ನೋಡಿದರೆ ಸುವಾಮಿ ಅಂದರೆ ಗಂಡ, ಇಸ್ತ್ರಿ ಅಂದರೆ ಹೆಂಡತಿ. ಸ್ವಾಮಿ, ಸ್ತ್ರೀ. ಅಲ್ಲಿಂದ ಕೊನೆಯ ದಿನದವರೆಗೂ ಸಿಕ್ಕವರೆಲ್ಲ ಕೇಳಿದ ಮೊದಲ ಪ್ರಶ್ನೆ ಇದೇ.

ಎರಡನೇ ದಿನ: ಉಪಾನತ್

ಬೊರೊಬುದುರ್ ಇರುವುದು ಜೋಗ್ಜಾದಿಂದ 40 ಕಿಲೋಮೀಟರ್ ದೂರದಲ್ಲಿ. ಒಂಬತ್ತನೇ ಶತಮಾನದ ಬೌದ್ಧ ಸ್ತೂಪ. ಗುಡ್ಡವೊಂದನ್ನು ಕಲ್ಲಿನಿಂದ ಸುತ್ತಿ ಸುತ್ತಿ ಕಟ್ಟಿದ ಹಾಗೆ. ಮೇಲೆ ಹತ್ತಲು ಬೇರೆ ಟಿಕೆಟ್, ಅದೂ ದಿನಕ್ಕೆ ಇಷ್ಟೇ ಜನ ಅಂತ ಮಿತಿ. ಮೊದಲೇ ಕಾದಿರಿಸದೆ ಹೋದರೆ ಹುಲ್ಲಿನ ಮೇಲೆ ನಿಂತು ನೋಡಿ ಬರಬೇಕಾಗುತ್ತದೆ. ಕಲ್ಲು ಸವೆಯಬಾರದು ಅಂತ ನಮ್ಮ ಚಪ್ಪಲಿ ಬಿಡಿಸಿ ಹೆಣೆದ ಮೆತ್ತನೆ ಚಪ್ಪಲಿ ಕೊಡುತ್ತಾರೆ. ಅದರ ಹೆಸರು 'ಉಪಾನತ್'.

"ಛತ್ರ, ಉಪಾನಹ ಅಂತ ದಾನ ಕೊಡಿಸ್ತಾರಲ್ಲೇ, ಅಪ್ಪಯ್ಯನ ಕಾರ್ಯದಲ್ಲಿ ಕೊಟ್ಟಿರಲಿಲ್ವಾ? ಅದೇ ಉಪಾನಹ" ಅಂದರು ಇವರು. ಮಾವ ತೀರಿಕೊಂಡು ಹದಿನಾಲ್ಕು ವರ್ಷ. ಆ ಮಾತು ಕೇಳಿದ ಮೇಲೆ ಆ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಹತ್ತಲು ನನಗೆ ಒಂದು ಥರ ಆಯಿತು.

ಗೋಡೆಯುದ್ದಕ್ಕೂ ಕೆತ್ತನೆ. ಹಡಗು, ಮಂಗ, ಸಂತೆ, ಸಂಗೀತದವರು. ಇಂಥ ಫಲಕಗಳು ಎರಡೂವರೆ ಸಾವಿರಕ್ಕೂ ಜಾಸ್ತಿ ಇವೆಯಂತೆ. ತುದಿಯಲ್ಲಿ ಜಾಲರಿಯಂತೆ ತೂತು ಕೊರೆದ 72 ಸ್ತೂಪ, ಒಳಗೊಬ್ಬೊಬ್ಬ ಬುದ್ಧ. ದೂರದಲ್ಲಿ ಮೆರಾಪಿ ಬೆಟ್ಟದ ತಲೆಯ ಮೇಲೆ ಸಣ್ಣ ಹೊಗೆ. ಗೈಡ್ ಹುಡುಗಿ 2010ರಲ್ಲಿ ಅದು ಸಿಡಿದಾಗ ಇಷ್ಟೂ ಬುದ್ಧರು ಬೂದಿಯಲ್ಲಿ ಮುಳುಗಿದ್ದರು, ಊರಿನವರು ಸೇರಿ ತೊಳೆದೆವು ಅಂದಳು.

ಮಧ್ಯಾಹ್ನ ಗುದೆಗ್. ಎಳೆ ಹಲಸಿನಕಾಯಿಯನ್ನು ಕಾಯಿಹಾಲು, ತಾಳೆಬೆಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಕಂದು ಬಣ್ಣ, ಸಿಹಿ. ಹಲಸಿನ ಗುಜ್ಜೆ ಪಲ್ಯ ಖಾರವಾಗಿಯೇ ಇರಬೇಕು ಅನ್ನುವವಳು ನಾನು. ಆದರೂ ಎರಡನೇ ಸಲ ಹಾಕಿಸಿಕೊಂಡೆ. ಒಂದು ಮಾತು: ತಟ್ಟೆಯಲ್ಲಿ ಪಕ್ಕಕ್ಕೆ ಕೆಂಪಗೆ ಮೆತ್ತಗೆ ಒಂದು ಪಲ್ಯ ಇರುತ್ತದೆ, ನೋಡಲು ಸಂಡಿಗೆ ನೆನೆಸಿದ ಹಾಗೆ. ಇವರು ಬಾಯಿಗಿಡಬೇಕು, ಅಷ್ಟರಲ್ಲಿ ನಾನು "ಇನಿ ಅಪಾ?" ಅಂದೆ. ಇದೇನು ಅಂತ. ದನದ ಚರ್ಮ. ಸಸ್ಯಾಹಾರಿಗಳು ಇಂಡೋನೇಷ್ಯಾದಲ್ಲಿ ಬೇರೇನು ಕಲಿಯದಿದ್ದರೂ ಈ ಎರಡು ಶಬ್ದ ಕಲಿಯಬೇಕು. ಸಾಂಬಲ್ ಚಟ್ನಿಗೆ ಒಣಸಿಗಡಿ ಹಾಕುತ್ತಾರೆ, ಹಪ್ಪಳದಲ್ಲೂ ಸಿಗಡಿ ಇರುತ್ತದೆ. ಸೋಯಾಕಾಳಿನ ತೆಂಪೆ, ತೋಫು, ಶೇಂಗಾ ಚಟ್ನಿ ಸುರಿದ ಬೇಯಿಸಿದ ತರಕಾರಿ, ಇವು ನಮ್ಮನ್ನು ಸಾಕಿದವು. ಮತ್ತೆ ದಾವೆತ್. ಅಕ್ಕಿಹಿಟ್ಟಿನ ಸಣ್ಣ ಎಳೆ, ಕಾಯಿಹಾಲು, ಬೆಲ್ಲದ ಪಾಕ. ನಮ್ಮ ಶ್ಯಾವಿಗೆ-ಕಾಯಿಹಾಲಿಗೆ ಐಸ್ ಹಾಕಿ ಲೋಟದಲ್ಲಿ ಕೊಟ್ಟ ಹಾಗೆ. ಅತ್ತೆ ನೋಡಿದ್ದರೆ ಐಸ್ ಹಾಕಿದ್ದಕ್ಕೆ ಬೈಯುತ್ತಿದ್ದರು.

ರಾತ್ರಿ ಅರಮನೆಯ ಹಿಂದಿನ ಮೈದಾನಕ್ಕೆ ಹೋದೆವು. ನಡುವೆ ಎರಡು ದೊಡ್ಡ ಆಲದ ಮರ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಮರಗಳ ನಡುವಿನಿಂದ ದಾಟಿದರೆ ಮನಸ್ಸು ಶುದ್ಧವಿದೆ, ಬಯಸಿದ್ದು ಆಗುತ್ತದೆ ಅಂತ ನಂಬಿಕೆ. ಬಟ್ಟೆ ಬಾಡಿಗೆಗೆ ಸಿಗುತ್ತದೆ. ಇವರು ಧೈರ್ಯವಾಗಿ ಹೊರಟರು. ಇಪ್ಪತ್ತು ಹೆಜ್ಜೆ ನೆಟ್ಟಗೆ, ಆಮೇಲೆ ನಿಧಾನಕ್ಕೆ ಎಡಕ್ಕೆ, ಇನ್ನಷ್ಟು ಎಡಕ್ಕೆ. ಕೊನೆಗೆ ಜೋಳ ಸುಡುತ್ತಿದ್ದವಳ ಗಾಡಿಗೆ ಡಿಕ್ಕಿ. ಸುತ್ತ ಇದ್ದವರೆಲ್ಲ ಚಪ್ಪಾಳೆ ಹೊಡೆದರು. ನಾನು ಒಂದೇ ಸಲಕ್ಕೆ ದಾಟಿದೆ. ಬಟ್ಟೆ ಸ್ವಲ್ಪ ಸಡಿಲ ಇತ್ತು, ಕಾಲಡಿಯ ನೆಲ ಕಾಣುತ್ತಿತ್ತು. ಇದನ್ನು ಇವರಿಗೆ ಇನ್ನೂ ಹೇಳಿಲ್ಲ. ಓದಿ ಗೊತ್ತಾಗಲಿ.

ಮೂರನೇ ದಿನ: ಅರ್ಥ ಹೇಳದ ರಾಮಾಯಣ

ಪ್ರಂಬಾನನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಫೋಟೋ ಎಲ್ಲರೂ ನೋಡಿರುತ್ತೀರಿ. 47 ಮೀಟರ್ ಎತ್ತರದ ಶಿವನ ಗುಡಿ, ಎರಡು ಪಕ್ಕದಲ್ಲಿ ಬ್ರಹ್ಮ, ವಿಷ್ಣು. ಎದುರಿಗೆ ನಂದಿ. ಸುತ್ತಲೂ ಇನ್ನೂ ಜೋಡಿಸದೆ ಬಿದ್ದ ಕಲ್ಲಿನ ರಾಶಿಗಳು. ನನಗೆ ಗುಡಿಗಿಂತ ಆ ರಾಶಿಗಳೇ ಜಾಸ್ತಿ ಹಿಡಿಸಿದವು.

ರಾತ್ರಿ ಅಲ್ಲೇ ಬಯಲಿನಲ್ಲಿ ರಾಮಾಯಣದ ನೃತ್ಯ. ಹಿಂದೆ ಗುಡಿಗಳಿಗೆ ದೀಪ ಬಿಟ್ಟಿರುತ್ತಾರೆ. ಕುಣಿಯುವವರಲ್ಲಿ ಹೆಚ್ಚಿನವರು ಮುಸ್ಲಿಮರು. ಹನುಮಂತ ಬಂದು ಲಂಕೆಗೆ ನಿಜವಾದ ಬೆಂಕಿಯನ್ನೇ ಹಚ್ಚಿದ. ಜನ ಹೋ ಅಂದರು. ಇವರು ಮಾತ್ರ ಸುಮ್ಮನೆ ಕೂತಿದ್ದರು. ಆಟ ಮುಗಿದ ಮೇಲೆ ಕೇಳಿದರೆ, "ಎಲ್ಲ ಚೆನ್ನಾಗಿದೆ ಮಾರಾಯ್ತಿ, ಆದರೆ ಒಂದು ಮಾತೂ ಆಡಲಿಲ್ಲವಲ್ಲ. ರಾವಣ ಸೀತೆ ಹತ್ತಿರ ಏನು ಅಂದ ಅಂತ ಗೊತ್ತಾಗಬೇಡವಾ?" ಮಾತೇ ಮುಖ್ಯವಾದ ತಾಳಮದ್ದಳೆ ಕೇಳಿ ಬೆಳೆದವರ ಕಷ್ಟ.

ನಾಲ್ಕನೇ ದಿನ: ಶ್ರೀ ತಂಜುಂಗ್

ಬೆಳಿಗ್ಗೆ ಏಳರ ರೈಲು. ಹೆಸರು ಶ್ರೀ ತಂಜುಂಗ್. ಲೆಂಪುಯಾಂಗನ್ ಸ್ಟೇಷನ್ನಿನಿಂದ ಜಾವಾದ ಪೂರ್ವದ ತುದಿಗೆ, ಹದಿಮೂರು ತಾಸು. ವಿಮಾನದಲ್ಲಿ ಹೋದರೆ ಬಾಲಿಗೆ ಒಂದೂವರೆ ತಾಸು ಅಂತ ಹೋಟೆಲಿನ ಹುಡುಗ ಕನಿಕರದಿಂದ ಹೇಳಿದ. ರೈಲಿಗೆ ನಮ್ಮ ಲೆಕ್ಕದಲ್ಲಿ 500 ರೂಪಾಯಿಯೂ ಇಲ್ಲ. ಟಿಕೆಟ್ ಮಾತ್ರ ವಾರ ಮೊದಲೇ ತೆಗೆಸಬೇಕು, ಒಳಗೆ ಬಿಡುವಾಗ ಪಾಸ್‌ಪೋರ್ಟ್ ನೋಡುತ್ತಾರೆ. ಸೀಟು ಎದುರುಬದುರು, ನೆಟ್ಟಗೆ, ಎದುರಿನವರ ಮೊಣಕಾಲಿಗೆ ನಮ್ಮ ಮೊಣಕಾಲು. ಬೋಗಿ ಮಾತ್ರ ಕನ್ನಡಿಯ ಹಾಗೆ ಸ್ವಚ್ಛ.

ಹೊರಗೆ ಗದ್ದೆ, ಕಬ್ಬು, ತೇಗ, ಮತ್ತೆ ಗದ್ದೆ. ಒಂದು ಗದ್ದೆಯಲ್ಲಿ ನಾಟಿ, ಪಕ್ಕದ್ದರಲ್ಲೇ ಕೊಯ್ಲು. ಬೂದಿಯ ಮಣ್ಣು, ವರ್ಷಕ್ಕೆ ಎರಡು ಮೂರು ಬೆಳೆ. ಇವರು ಕಿಟಕಿಗೆ ಮುಖ ಹಚ್ಚಿ ಎಣಿಸುತ್ತಿದ್ದರು.

ಎದುರಿಗೆ ನಮ್ಮಷ್ಟೇ ವಯಸ್ಸಿನ ಗಂಡ ಹೆಂಡತಿ. ಸುವಾಮಿ-ಇಸ್ತ್ರಿ ಮುಗಿಯಿತು. ಮಕ್ಕಳೆಷ್ಟು ಮುಗಿಯಿತು. ಅವರು ಬಾಳೆಎಲೆಯಲ್ಲಿ ಸುತ್ತಿದ ಅನ್ನ ತೆಗೆದರು, ನಾವು ಅವಲಕ್ಕಿ ತೆಗೆದೆವು. ಅಪ್ಪೆಮಿಡಿ ಕೊಟ್ಟೆ. ಆಯಮ್ಮ ಒಂದು ಕಚ್ಚಿ, ಕಣ್ಣು ಮುಚ್ಚಿ, ಗಂಡನಿಗೆ ಕೊಡದೆ ಪೂರ್ತಿ ತಿಂದಳು.

ಸುರಬಾಯಾ ದಾಟಿದ ಮೇಲೆ ಪೊರೊಂಗ್ ಅನ್ನುವ ಕಡೆ ರೈಲಿನ ಪಕ್ಕಕ್ಕೇ ಎತ್ತರದ ಮಣ್ಣಿನ ಒಡ್ಡು ಬಂತು. ಕೆರೆಯ ಏರಿಯ ಹಾಗೆ, ಆದರೆ ಮುಗಿಯುವುದೇ ಇಲ್ಲ. ಆ ಮನುಷ್ಯ ಬೆರಳು ಮಾಡಿ ಏನೋ ಹೇಳಿದ. ಮೊಬೈಲಿಗೆ ಮಾತಾಡಿಸಿ ಓದಿದೆವು: "ನನ್ನ ಮನೆ ಇದರ ಕೆಳಗೆ ಇದೆ."

2006ರ ಮೇ 29ರಂದು ಅಲ್ಲಿ ಗದ್ದೆಯೊಳಗಿಂದ ಬಿಸಿ ಕೆಸರು ಉಕ್ಕಲು ಶುರುವಾಯಿತು. ನಿಲ್ಲಲೇ ಇಲ್ಲ. ಹತ್ತಾರು ಸಾವಿರ ಜನ ಮನೆ ಬಿಟ್ಟರು. ಮನೆ, ಶಾಲೆ, ಮಸೀದಿ, ಕಾರ್ಖಾನೆ ಎಲ್ಲ ಒಳಗೆ. ಹತ್ತಿರದಲ್ಲಿ ಗ್ಯಾಸಿಗೆ ಬಾವಿ ಕೊರೆಯುತ್ತಿದ್ದರು, ಅದರಿಂದಲೇ ಆಯಿತು ಅನ್ನುವವರು ಒಂದು ಕಡೆ. ಎರಡು ದಿನ ಮೊದಲು ಜೋಗ್ಜಾದಲ್ಲಿ ಆದ ಭೂಕಂಪದಿಂದ ಅನ್ನುವವರು ಇನ್ನೊಂದು ಕಡೆ. ಕೆಸರು ತಡೆಯಲು ಈ ಒಡ್ಡು ಕಟ್ಟಿದ್ದಾರೆ. ಅವನ ಓಣಿಯಲ್ಲಿ ಮಾವಿನ ಮರವೊಂದಿತ್ತಂತೆ. ಎಲ್ಲ ಮುಳುಗಿದ ಮೇಲೂ ಅದರ ತುದಿ ಮಾತ್ರ ಎಷ್ಟೋ ದಿನ ಕಾಣುತ್ತಿತ್ತಂತೆ.

ಇವರು ಮೊಬೈಲ್ ಇಸಿದುಕೊಂಡರು. ಸಾಮಾನ್ಯವಾಗಿ ಇಂಥ ಕೆಲಸ ನನಗೇ ಬಿಡುವವರು. "ನಮ್ಮ ಊರೂ ಮುಳುಗಿದೆ" ಅಂತ ಕನ್ನಡದಲ್ಲಿ ಹೇಳಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಶರಾವತಿ ನಿಂತಾಗ ಅತ್ತೆಯ ತವರು ನೀರಿನಡಿ ಹೋಯಿತು. ಉಳಿದ ನಮ್ಮ ಕಡೆಯ ಊರುಗಳು ನಡುಗಡ್ಡೆಯ ಹಾಗಾದವು, ಅರವತ್ತು ವರ್ಷ ಸಾಗರಕ್ಕೆ ಹೋಗಲು ಲಾಂಚಿಗೆ ಕಾದೆವು. ಸೇತುವೆ ಬಂದದ್ದು ಮೊನ್ನೆ ಮೊನ್ನೆ. ಬೇಸಿಗೆಯಲ್ಲಿ ನೀರು ಇಳಿದರೆ ಹಳೆಯ ಮರಗಳ ಬೊಡ್ಡೆ ಈಗಲೂ ಮೇಲೆ ಬರುತ್ತವೆ. ಮೊಬೈಲು ಇಷ್ಟನ್ನೂ ಹೇಗೆ ಅನುವಾದ ಮಾಡಿತೋ ಗೊತ್ತಿಲ್ಲ. ಆ ಮನುಷ್ಯ ಎರಡು ಸಲ ಓದಿದ. ಆಮೇಲೆ ಇವರ ಮೊಣಕಾಲಿನ ಮೇಲೆ ಕೈ ಇಟ್ಟು ಏನೋ ಕೇಳಿದ. ಮೊಬೈಲಿನಲ್ಲಿ ಬಂದದ್ದು: "ನಿಮಗೆ ದುಡ್ಡು ಕೊಟ್ಟರಾ?"

ಇವರು ತಲೆ ಆಡಿಸಿದ ರೀತಿಗೆ ಅನುವಾದ ಬೇಕಾಗಲಿಲ್ಲ. ಇಬ್ಬರೂ ಜೋರಾಗಿ ನಕ್ಕರು. ಆಯಮ್ಮ ಮತ್ತೊಂದು ಅಪ್ಪೆಮಿಡಿ ಕೇಳಿ ತಿಂದಳು. ಇಳಿಯುವಾಗ ಉಳಿದ ಬಾಟಲಿಯನ್ನೇ ಕೊಟ್ಟುಬಿಟ್ಟೆ.

ರೈಲಿನ ಕೊನೆ ಬಾನ್ಯುವಾಂಗಿ. ಬಾನ್ಯು ಅಂದರೆ ನೀರು, ವಾಂಗಿ ಅಂದರೆ ಪರಿಮಳ. ಊರಿನ ಹೆಸರಿಗೆ ಒಂದು ಕಥೆಯಿದೆ. ಶ್ರೀ ತಂಜುಂಗ್ ಅನ್ನುವವಳ ಗಂಡ ಯಾರದೋ ಚಾಡಿ ಕೇಳಿ ಅವಳ ಶೀಲ ಶಂಕಿಸಿ ಕೊಂದ. ನಾನು ತಪ್ಪು ಮಾಡದಿದ್ದರೆ ಈ ನೀರು ಪರಿಮಳ ಬೀರಲಿ ಅಂತ ಸಾಯುವ ಮೊದಲು ಅಂದಿದ್ದಳಂತೆ, ಬೀರಿತಂತೆ. ಗಂಡಂದಿರ ಕಥೆ ಎಲ್ಲಾ ಕಡೆ ಒಂದೇ. ಸ್ಟೇಷನ್ನಿನಲ್ಲಿ ಇಳಿದಾಗ ರಾತ್ರಿ, ಬೀಸುತ್ತಿದ್ದ ಗಾಳಿಗೆ ಒಣಮೀನಿನ ವಾಸನೆ.

ಐದು ಮತ್ತು ಆರನೇ ದಿನ: ಗಂಧಕದ ಬೆಟ್ಟ

ಈಜೆನ್ ಒಂದು ಜ್ವಾಲಾಮುಖಿ ಬೆಟ್ಟ, ರಾತ್ರಿಯೇ ಹತ್ತಬೇಕು. ಮೊದಲು ಡಾಕ್ಟರ ಚೀಟಿ ಬೇಕು. ಇವರ ಬಿಪಿ 160 ಬಂತು. ಡಾಕ್ಟರಮ್ಮ ಆಗುವುದಿಲ್ಲ ಅಂದಳು. ಹೊರಗೆ ಬೆಂಚಿನ ಮೇಲೆ ಕೂತು ಇವರು ಕಣ್ಣು ಮುಚ್ಚಿದರು. "ಒಂದು ಕವಳ ಇದ್ದಿದ್ದರೆ ಇಳಿಯುತ್ತಿತ್ತು" ಅಂದರು. ಅರ್ಧ ತಾಸು ಬಿಟ್ಟು ನೋಡಿದರೆ 138. ಕವಳವಿಲ್ಲದೆಯೂ ಇಳಿಯಿತು ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ.

ರಾತ್ರಿ ಹನ್ನೆರಡೂವರೆಗೆ ಜೀಪು. ಪಾಲ್ತುಡಿಂಗ್ ಅನ್ನುವ ಬುಡದಲ್ಲಿ ಎಷ್ಟು ಚಳಿ ಅಂದರೆ ಚಹಾದ ಲೋಟ ಕೈಯಿಂದ ಬಿಡಲು ಮನಸ್ಸಿಲ್ಲ. ಸ್ವೆಟರ್ ಬೇಡ, ಉಷ್ಣದೇಶ ಅಂತ ಹೇಳಿದ ಪುಣ್ಯಾತ್ಮರನ್ನು ನೆನೆದೆ. ಅವರು ಈ ಮನೆಯಲ್ಲೇ ಇದ್ದಾರೆ, ಹೆಸರು ಬೇಡ. ಗ್ಯಾಸಿನ ಮಾಸ್ಕ್ ಬಾಡಿಗೆಗೆ ಸಿಗುತ್ತದೆ. ಮೂಸಿ ನೋಡಿ ಆರಿಸಿಕೊಳ್ಳಿ, ನಿಮಗಿಂತ ಮೊದಲು ನೂರು ಜನ ಉಸಿರಾಡಿರುತ್ತಾರೆ.

ಮೂರು ಕಿಲೋಮೀಟರಿನ ಏರು. ಮೊದಲರ್ಧ ಗೋಡೆ ಹತ್ತಿದ ಹಾಗೆ. ಎರಡು ಗಾಲಿಯ ಕೈಗಾಡಿ ಹಿಡಿದ ಗಂಡಸರು "ತಕ್ಸಿ, ತಕ್ಸಿ" ಅಂತ ಜೊತೆಗೇ ಬರುತ್ತಾರೆ. ಸುಸ್ತಾದವರನ್ನು ಕೂರಿಸಿ ಮೂರು ಜನ ಎಳೆಯುತ್ತಾರೆ. ಮೊದಲು ಗಂಧಕ ಹೊರುತ್ತಿದ್ದವರೇ ಈಗ ಜನರನ್ನು ಎಳೆಯುತ್ತಾರಂತೆ. ಮನುಷ್ಯನನ್ನು ಮನುಷ್ಯ ಎಳೆಯುವುದು ಸರಿಯಲ್ಲ ಅಂತ ನಾನು ಹತ್ತುವಾಗ ಇವರಿಗೆ ಭಾಷಣ ಮಾಡಿದ್ದೆ. ಇಳಿಯುವಾಗ ಮೊಣಕಾಲು ಕೈಕೊಟ್ಟಿತು. ಕೂತುಕೊಂಡೆ. ಇವರು ಗಾಡಿಯ ಪಕ್ಕದಲ್ಲಿ ನಡೆದು ಬಂದರು, ಒಂದು ಮಾತೂ ಆಡದೆ. ಆಡಿದ್ದರೇ ಒಳ್ಳೆಯದಿತ್ತು.

ಬಾಯಿಯ ಅಂಚಿಗೆ ಬಂದಾಗ ಇನ್ನೂ ಕತ್ತಲು. ಕೆಳಗೆ ಆಳದಲ್ಲಿ ನೀಲಿ ಬೆಂಕಿ. ಗಂಧಕದ ಅನಿಲ ಹೊರಗೆ ಬರುತ್ತಲೇ ಹೊತ್ತಿಕೊಂಡು ನೀಲಿಯಾಗಿ ಉರಿಯುತ್ತದೆ. ಹುಡುಗರು ಒಳಗೆ ಇಳಿದು ಹೋದರು, ನಾವು ಮೇಲಿನಿಂದಲೇ ನೋಡಿದೆವು. ಗ್ಯಾಸ್ ಒಲೆಯ ಬರ್ನರು ದೂರದಲ್ಲಿ ಹೊತ್ತಿದ ಹಾಗೆ, ಅಷ್ಟೇ. ಬೆಳಗಾದಾಗ ಕಂಡದ್ದೇ ಬೇರೆ. ಸುಮಾರು ಒಂದು ಕಿಲೋಮೀಟರ್ ಅಗಲದ ಕೆರೆ, ಹಸಿರು ನೀಲಿ ಬಣ್ಣ, ಅಲೆಯಿಲ್ಲ, ಹಕ್ಕಿಯಿಲ್ಲ. ನೀರೆಲ್ಲ ಆಸಿಡ್‌ಮಯ. ಇವರು "ಮೈಲುತುತ್ತ ಕದಡಿದ ಡ್ರಮ್ಮಿನ ಬಣ್ಣ" ಅಂದರು. ಅಡಿಕೆಗೆ ಹೊಡೆಯಲು ಬೋರ್ಡೋ ಮಿಶ್ರಣ ಮಾಡಿದವರಿಗೆ ಅರ್ಥವಾಗುತ್ತದೆ.

ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಬಂದ. ಹೆಗಲ ಮೇಲೆ ಬಿದಿರಿನ ಅಡ್ಡೆ, ಎರಡು ತುದಿಗೆ ಬುಟ್ಟಿ, ತುಂಬ ಹಳದಿ ಗಂಧಕದ ಕಲ್ಲು. ಒಂದೊಂದು ಹೊರೆ 70, 80 ಕಿಲೋ ಇರುತ್ತದೆ. ಕಾಲಿಗೆ ರಬ್ಬರ್ ಬೂಟು, ಬಾಯಿಗೆ ಒಂದು ಒದ್ದೆ ಬಟ್ಟೆ. ಇವರು ಅಡ್ಡೆಗೆ ಹೆಗಲು ಕೊಟ್ಟು ನೋಡಿದರು. ಮೂಟೆ ಅಡಿಕೆ ಎತ್ತಿ ಅಭ್ಯಾಸವಿದ್ದ ಹೆಗಲು. ನೆಲದಿಂದ ಎರಡು ಬೆರಳಷ್ಟು ಎದ್ದಿತು, ಅಷ್ಟೇ. ಅವನು ನಕ್ಕು ಇನ್ನೊಂದು ಹೆಗಲು ತೋರಿಸಿದ. ಅಡ್ಡೆ ಕೂರುವ ಜಾಗದಲ್ಲಿ ಮಾಂಸ ಗಂಟಾಗಿ ಎದ್ದು ನಿಂತಿತ್ತು. ಸಕ್ಕರೆ ಬೆಳ್ಳಗೆ ಮಾಡಲು ಈ ಗಂಧಕ ಹೋಗುತ್ತದೆ ಅಂದ. ಗಾಳಿ ತಿರುಗಿ ಹೊಗೆ ನಮ್ಮ ಕಡೆ ಬಂತು. ಮಾಸ್ಕ್ ಹಾಕಿದರೂ ಕೆಮ್ಮು. ಅವನು ಹಾಗೇ ಹೊರೆ ಎತ್ತಿಕೊಂಡು ಹೋದ.

ಆ ದಿನ ಆಗಸ್ಟ್ 15 ಅಂತ ನೆನಪಾದದ್ದು ಕೆಳಗೆ ಬಂದು ಮಗಳ ಮೆಸೇಜ್ ನೋಡಿದ ಮೇಲೆ.

ಏಳನೇ ದಿನ: ಒಂದು ತಾಸು ಕಾಣೆ

ಜಾವಾದಿಂದ ಬಾಲಿಗೆ ಲಾಂಚು. ಲಾಂಚು ಅಂತ ನಾವು ಅನ್ನುವುದು, ಅದು ಲಾರಿ ಬಸ್ಸು ಎಲ್ಲ ನುಂಗುವ ದೊಡ್ಡ ಹಡಗು. ನಡೆದು ಹತ್ತುವವರಿಗೆ ನಮ್ಮ ಲೆಕ್ಕದಲ್ಲಿ 60 ರೂಪಾಯಿ. ಎದುರಿಗೇ ಬಾಲಿ ಕಾಣುತ್ತದೆ, ಆದರೂ ಮುಕ್ಕಾಲು ಗಂಟೆಯ ಮೇಲೆ ಹಿಡಿಯಿತು. ನಡುವೆ ಸೆಳೆತ ಜೋರು, ಹಡಗು ಓರೆಯಾಗಿ ಹೋಗುತ್ತದೆ. ಇವರಿಗೆ ನಮ್ಮ ಶರಾವತಿಯ ಹೊಳೆಬಾಗಿಲಿನ ಲಾಂಚು ನೆನಪಾಗಿ ಡ್ರೈವರನ ಕೋಣೆಯ ಹತ್ತಿರ ಹೋಗಿ ನಿಂತರು. ಬೈಸಿಕೊಂಡು ಬಂದರು.

ಇಳಿದ ಗಿಲಿಮನುಕ್ ಬಂದರಿನಿಂದ ವ್ಯಾನಿನಲ್ಲಿ ನಾಲ್ಕು ತಾಸು ಸಾನೂರಿಗೆ. ಕೂತ ಮೇಲೆ ರೇಟು ಕೇಳಿ ಎರಡು ಪಟ್ಟು ಕೊಟ್ಟೆವು. ಕೂರುವ ಮೊದಲು ಕೇಳಬೇಕಿತ್ತು.

ಜಾವಾಕ್ಕಿಂತ ಬಾಲಿಯ ಗಡಿಯಾರ ಒಂದು ತಾಸು ಮುಂದೆ. ಇದು ನನಗೆ ಗೊತ್ತಿತ್ತು. ಆದರೆ ನನ್ನ ಚಾರ್ಜರ್ ಬಾನ್ಯುವಾಂಗಿಯಲ್ಲಿ ಉಳಿದು ಮೊಬೈಲು ಸತ್ತಿತ್ತು. ಇವರದು ರೋಮಿಂಗ್ ಖರ್ಚು ಬೇಡ ಅಂತ ಏರೋಪ್ಲೇನ್ ಮೋಡಿನಲ್ಲೇ ಇತ್ತು. ಹಾಗಾಗಿ ಮರುದಿನ ಬೆಳಿಗ್ಗೆ ಪೆನಿಡಾ ದ್ವೀಪಕ್ಕೆ ಹೋಗುವ ಏಳೂವರೆಯ ಬೋಟಿಗೆ ನಾವು ನಂಬಿದ್ದು ಇವರ ಎಚ್‌ಎಂಟಿ ವಾಚನ್ನು. ಮದುವೆಯಲ್ಲಿ ನನ್ನ ಅಪ್ಪ ಕೊಟ್ಟದ್ದು. ಅದು ಒಂದು ನಿಮಿಷವೂ ತಪ್ಪಲಿಲ್ಲ, ಜಾವಾದ ಸಮಯವನ್ನೇ ತೋರಿಸುತ್ತಿತ್ತು.

ಎಂಟನೇ ದಿನ: ಹೆಸರಿಗೆ ಅಡಿಕೆ ಮರ

ಸಾನೂರಿನ ಬಂದರಿಗೆ ನಾವು ನೆಮ್ಮದಿಯಾಗಿ ಚಹಾ ಕುಡಿದು ಹೋದಾಗ ಬೋಟು ಹೋಗಿ ಮುಕ್ಕಾಲು ಗಂಟೆ. ದುಡ್ಡು ವಾಪಸ್ ಇಲ್ಲ. "ನಿಮ್ಮಪ್ಪನ ವಾಚು" ಅಂದರು ಇವರು. ಹತ್ತು ಗಂಟೆಯ ಬೋಟಿಗೆ ಮತ್ತೆ ಟಿಕೆಟ್ ತೆಗೆದೆವು. ನಲವತ್ತೈದು ನಿಮಿಷ ಬೋಟು ಅಲೆಯಿಂದ ಅಲೆಗೆ ಹಾರಿತು. ಅವಲಕ್ಕಿ ತಿಂದು ಬೋಟು ಹತ್ತಬೇಡಿ. ಹಿಂದಿನ ಸೀಟಿನಲ್ಲಿ ಕೂತರೆ ಕುಲುಕಾಟ ಸ್ವಲ್ಪ ಕಡಿಮೆ ಅಂತ ತಿಳಿದದ್ದು ಇಳಿಯುವಾಗ.

ನೂಸಾ ಪೆನಿಡಾ ಸುಣ್ಣದಕಲ್ಲಿನ ದ್ವೀಪ. ಬಾಲಿಯ ಹಸಿರು ಇಲ್ಲಿಲ್ಲ. ಒಣ ಗುಡ್ಡ, ತೆಂಗು, ಕುರುಚಲು. ರಸ್ತೆ ಕಿರಿದು, ಎದುರು ಗಾಡಿ ಬಂದರೆ ಒಬ್ಬರು ಹಿಂದೆ ಹೋಗಲೇಬೇಕು. ಸ್ಕೂಟರ್ ಬಾಡಿಗೆಗೆ ಸಿಗುತ್ತದೆ, ಆದರೆ ಮೊಣಕೈಗೆ ಬ್ಯಾಂಡೇಜ್ ಸುತ್ತಿಕೊಂಡ ಬಿಳಿಯರನ್ನು ಬಂದರಿನಲ್ಲೇ ನಾಲ್ಕು ಜನ ನೋಡಿ ಕಾರು ಮಾಡಿದೆವು. ಡ್ರೈವರ್ ಅಲ್ಲಿಯವನೇ.

ಆ ದಿನ ಆಗಸ್ಟ್ 17. ಅವರ ಸ್ವಾತಂತ್ರ್ಯದ ದಿನ, 1945ರಿಂದ. ಊರೆಲ್ಲ ಕೆಂಪು ಬಿಳಿ ಬಾವುಟ. ಒಂದು ಕಡೆ ಗದ್ದಲ ಕೇಳಿ ನಿಲ್ಲಿಸಿದೆವು. ಮೈದಾನದಲ್ಲಿ ಗ್ರೀಸ್ ಬಳಿದ ಎತ್ತರದ ಕಂಬ, ತುದಿಗೆ ಬಕೆಟು, ಬಟ್ಟೆ, ಕುಕ್ಕರು ಕಟ್ಟಿದ್ದರು. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಹತ್ತುವುದು, ಜಾರಿ ಬೀಳುವುದು. ನಮ್ಮ ಜಾರುಕಂಬ. ಆಟದ ಹೆಸರು 'ಪಂಜತ್ ಪಿನಾಂಗ್'. ಪಿನಾಂಗ್ ಅಂದರೆ ಅಡಿಕೆ, ಅಡಿಕೆ ಮರ ಹತ್ತುವುದು ಅಂತ ಡ್ರೈವರ್ ಹೇಳಿದ್ದೇ ತಡ, ಇವರು ಜನರನ್ನು ಸರಿಸಿಕೊಂಡು ಕಂಬದ ಹತ್ತಿರ ಹೋದರು. ಕೈಯಿಂದ ಮುಟ್ಟಿದರು. ಮುಖ ಬಾಡಿಸಿಕೊಂಡು ವಾಪಸ್ ಬಂದರು.

"ಬಿದಿರು ಕಣೇ."

ಅಡಿಕೆ ಮರ ಸಿಗುವುದು ಕಷ್ಟ, ಈಗ ಬಿದಿರೇ ನೆಡುತ್ತೇವೆ ಅಂದ ಡ್ರೈವರ್. ಇವರಿಗೆ ಸಮಾಧಾನವಾಗಲಿಲ್ಲ. ಹುಡುಗರು ಬೀಳುವುದನ್ನು ನೋಡುತ್ತ, ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಬಂದಿದ್ದರೆ ಕಾಲಿಗೆ ತಳೆ ಹಾಕಿ ಎರಡು ನಿಮಿಷದಲ್ಲಿ ಕುಕ್ಕರ್ ಇಳಿಸುತ್ತಿದ್ದ ಅಂದರು. ಒಂದು ತಾಸು ಅಲ್ಲೇ ಕಳೆಯಿತು. ಬೆಳಗಿನ ಬೋಟು ತಪ್ಪದಿದ್ದರೆ ಈ ಹೊತ್ತಿಗೆ ನಾವು ದ್ವೀಪದ ಆ ತುದಿಯಲ್ಲಿ ಇರುತ್ತಿದ್ದೆವು. ಇದನ್ನು ನಾನು ನಮ್ಮಪ್ಪನ ವಾಚಿನ ಲೆಕ್ಕಕ್ಕೆ ಬರೆದುಕೊಂಡೆ.

ಸಂಜೆ ಕೆಲಿಂಗ್‌ಕಿಂಗ್. ಸಮುದ್ರಕ್ಕೆ ಮೂತಿ ಚಾಚಿದ ಬಂಡೆ, ಎರಡೂ ಕಡೆ ಎದೆ ನಡುಗಿಸುವ ಪ್ರಪಾತ, ಕೆಳಗೆ ಬಿಳಿ ಮರಳು. ಇಳಿಯುವ ದಾರಿಯನ್ನು ನೋಡಿದೆ, ಮೊಣಕಾಲನ್ನು ನೋಡಿದೆ. ಮೇಲೇ ಕೂತು ಎಳನೀರು ಕುಡಿದೆವು.

ಒಂಬತ್ತನೇ ದಿನ: ಕವಳ

ಬೆಳಿಗ್ಗೆ ಗೋವಾ ಗಿರಿಪುತ್ರಿ. ಗೋವಾ ಅಂದರೆ ಗುಹೆ, ಗಿರಿಪುತ್ರಿ ಅಂದರೆ ಯಾರು ಅಂತ ನಮಗೆ ಹೇಳಬೇಕಿಲ್ಲ. ಕಟ್ಟಿಕೊಳ್ಳಲು ಸೀರೆಯಂಥ ಬಟ್ಟೆ ಕೊಡುತ್ತಾರೆ. ನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಿದ ಮೇಲೆ ಬಂಡೆಯಲ್ಲಿ ಒಂದು ಬಿಲ. ಅಷ್ಟೇ ಬಾಗಿಲು. ಬಗ್ಗಿ, ತೆವಳಿ ಒಳಗೆ ಹೋಗಬೇಕು. ಇವರು ಹೊಟ್ಟೆ ಒಳಗೆಳೆದುಕೊಂಡು ನುಗ್ಗಿದರು, ಹಿಂದಿನಿಂದ ನಾನು ದೂಡಿದೆ. ಹತ್ತು ಹೆಜ್ಜೆ ತೆವಳಿ ತಲೆ ಎತ್ತಿದರೆ ದೊಡ್ಡ ಛತ್ರದಷ್ಟು ಎತ್ತರದ ಗುಹೆ, ದೀಪ, ಗಂಟೆ, ತಣ್ಣನೆ ಗಾಳಿ. ಪೂಜೆಯವರು ತೀರ್ಥ ಚಿಮುಕಿಸಿ ಹಣೆಗೆ ಒದ್ದೆ ಅಕ್ಕಿಕಾಳು ಅಂಟಿಸಿದರು. ಅದಕ್ಕೆ ಬೀಜ ಅನ್ನುತ್ತಾರೆ. ಇನ್ನೊಂದು ತುದಿಯಲ್ಲಿ ಚೀನೀ ದೇವಿಗೂ ಒಂದು ಪೀಠ ಇತ್ತು. ಇಬ್ಬರಿಗೂ ಕೈ ಮುಗಿದೆವು.

ಬಾಲಿಯಲ್ಲಿ ಎಲ್ಲಿ ನೋಡಿದರೂ ತೆಂಗಿನಗರಿಯ ಪುಟ್ಟ ತಟ್ಟೆ. ಬಾಗಿಲಲ್ಲಿ, ರಸ್ತೆಯಲ್ಲಿ, ಸ್ಕೂಟರಿನ ಮೇಲೆ, ಬೋಟಿನ ಮೂತಿಗೆ. ಒಳಗೆ ಹೂವು, ಊದುಬತ್ತಿ, ಒಂದೊಂದು ಸಲ ಬಿಸ್ಕತ್ತು. ಚನಾಂಗ್ ಸಾರಿ ಅಂತ ಹೆಸರು. ಹೂವಿನ ಕೆಳಗೆ ಏನಿದೆ ಅಂತ ಇವರು ಡ್ರೈವರನನ್ನು ಕೇಳಿದರು. ಅದು ಇಲ್ಲದಿದ್ದರೆ ಪೂಜೆಯೇ ಅಲ್ಲ ಅಂತ ಅವನು ಬಿಚ್ಚಿ ತೋರಿಸಿದ: ಚೂರು ವೀಳ್ಯದೆಲೆ, ಸುಣ್ಣ, ಅಡಿಕೆ. ಮೂರು ದಿನದಿಂದ ಕಾಲ ಬುಡದಲ್ಲೇ ಕವಳ ಇತ್ತು, ನಾವು ದಾಟಿಕೊಂಡು ಓಡಾಡುತ್ತಿದ್ದೆವು. ಇವರ ಮುಖ ನೋಡಬೇಕಿತ್ತು. "ದೇವರದು, ಮುಟ್ಟಬೇಡಿ" ಅಂತ ನಾನು ಮೊದಲೇ ಹೇಳಿಟ್ಟೆ.

ವಾಪಸ್ ಬೋಟಿಗೆ ಇನ್ನೂ ಎರಡು ತಾಸು. ದಡದಲ್ಲಿ ಸಮುದ್ರದ ಪಾಚಿ ಬೆಳೆಯುತ್ತಾರೆ. ಇಳಿತದ ಹೊತ್ತಿನಲ್ಲಿ ನೀರೊಳಗೆ ಹಗ್ಗದ ಸಾಲು ಸಾಲು, ಗದ್ದೆಯ ಹಾಗೆಯೇ. ಕಿತ್ತು ತಂದು ಟಾರ್ಪಾಲಿನ ಮೇಲೆ ಒಣಗಿಸುತ್ತಾರೆ. ಅಂಗಳದಲ್ಲಿ ಅಡಿಕೆ ಹರಗಿದ ಹಾಗೆ ಹರಗಿ, ಕಾಲಿನಿಂದ ಕೆದರುತ್ತ ಒಬ್ಬ ಅಜ್ಜಿ ನಡೆಯುತ್ತಿದ್ದಳು. ಇವರು ಸುಮ್ನೆ ಇರಲಾರದೆ ಚಪ್ಪಲಿ ಬಿಟ್ಟು ಇನ್ನೊಂದು ತುದಿಯಿಂದ ಕೆದರಲು ಶುರು ಮಾಡಿದರು. ಅಜ್ಜಿ ನೋಡಿದಳು. ಕಾಲು ಎಳೆಯುವ ರೀತಿ ಸರಿಯಿದೆ ಅನ್ನಿಸಿರಬೇಕು, ಏನೂ ಹೇಳಲಿಲ್ಲ.

ಮುಗಿದ ಮೇಲೆ ನೆರಳಿಗೆ ಕರೆದಳು. "ಸುವಾಮಿ? ಇಸ್ತ್ರಿ?" ಹೌದು ಅಂದೆ. ನಕ್ಕಳು. ಬಾಯಿ ಪೂರ್ತಿ ಕೆಂಪು.

ಇವರು ನನ್ನ ಕೈ ಹಿಡಿದರು, ಗಟ್ಟಿಯಾಗಿ.

ಅಜ್ಜಿ ಬುಟ್ಟಿಯಿಂದ ಡಬ್ಬಿ ತೆಗೆದಳು. ಎಲೆ, ಸುಣ್ಣ, ಕಾಚಿನಂಥ ಕಂದು ಚೂರು, ಅಡಿಕೆ. ಇವರು ಅಡಿಕೆಯ ಹೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಸಾಗರದ ಮಂಡಿಯಲ್ಲಿ ನಿಂತಂತೆ. "ಹಸಿಯದು, ಆದರೆ ಒಳಗೆ ಚೆನ್ನಾಗಿ ಬಲಿತಿದೆ." ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಒಂಬತ್ತು ದಿನ. ಬೊರೊಬುದುರಿನ ತುದಿಯಲ್ಲೂ ಈ ಮುಖ ನಾನು ನೋಡಿರಲಿಲ್ಲ. ಅಜ್ಜಿ ಇನ್ನೆರಡು ಅಡಿಕೆ ಇವರ ಶರ್ಟಿನ ಜೇಬಿಗೆ ಹಾಕಿದಳು. ಜೇಬನ್ನು ಮೂಸಿ ಮುಖ ಕಿವಿಚಿದಳು. ಅಪ್ಪೆಮಿಡಿ.

ಬೋಟಿನಲ್ಲಿ ಟಿಕೆಟ್ ನೋಡುವ ಹುಡುಗ ಬಂದು ಇಬ್ಬರಿಗೂ ಬೆರಳು ಮಾಡಿ ಅದೇ ಪ್ರಶ್ನೆ ಕೇಳಿದ. ನಾನು ಇವರ ಕಡೆ ನೋಡಿದೆ. ಇವರು ಬಾಯಿ ತೆರೆಯಲಿಲ್ಲ, ಗಲ್ಲ ಮೇಲೆತ್ತಿ "ಉಂ" ಅಂದರು.